ಸುರಂಗದ ಹೊಗೆ ಮತ್ತು ನಾನು ಬಿಟ್ಟ ಒಂದು ಪದ

ಮಾನ್ಯ ಪ್ರಧಾನ ವ್ಯವಸ್ಥಾಪಕರೇ,

ನಿಮ್ಮ ಮನೋರಂಜನಾ ಉದ್ಯಾನದ ರೋಲರ್ ಕೋಸ್ಟರಿನ ಸುರಂಗದಲ್ಲಿರುವ ಯಾಂತ್ರಿಕ ಘಟಸರ್ಪ ಬೆಂಕಿ ಉಗುಳುವುದಿಲ್ಲ. ಉಗುಳುವುದಿಲ್ಲ ಎಂದು ನಾನು ದೂರು ಕೊಟ್ಟೆ. ನೀವು ಘಟಸರ್ಪವನ್ನು ಹಾಗೇ ಬಿಟ್ಟು, ಅದರ ಹಿಂದೆ ಕೂತಿದ್ದ ಮನುಷ್ಯನನ್ನು ಅಮಾನತು ಮಾಡಿದ್ದೀರಿ. ಈ ಪತ್ರವನ್ನು ನಿಮ್ಮ ದೂರಿನ ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕಳಿಸುತ್ತಿರುವುದಕ್ಕೆ ಕಾರಣ ಇಷ್ಟೇ: ಆ ಪೆಟ್ಟಿಗೆಯ ಶಕ್ತಿ ಕಂಡು ನನಗೀಗ ಭಯ.

ಕಳೆದ ತಿಂಗಳು ನನ್ನ ಅಕ್ಕನನ್ನು ಕರೆದುಕೊಂಡು ಬಂದಿದ್ದೆ. ಅವಳಿಗೆ ಐವತ್ತೆರಡು. ಮಂಡಿಗೆ ಪಟ್ಟಿ ಬಿಗಿದು, ಕನ್ನಡಕ ಬಿಚ್ಚಿ ಬ್ಯಾಗಿಗೆ ಹಾಕಿ, ಕಿರುಚಲು ಸಕಲ ಸಿದ್ಧತೆ ಮಾಡಿಕೊಂಡು ಕೂತಳು. ‘ಉರಿಯುವ ಉಸಿರು! ಎದೆ ಗಟ್ಟಿ ಇದ್ದವರಿಗೆ ಮಾತ್ರ’ ಎಂದು ಫಲಕದಲ್ಲಿ ಬರೆಸಿದ್ದಿರಲ್ಲ. ಬಂಡಿ ಏರಿತು, ಇಳಿಯಿತು, ಹೊಟ್ಟೆ ಬಾಯಿಗೆ ಬಂತು. ಅದಕ್ಕೆ ತಕರಾರಿಲ್ಲ, ಭೂಮಿಯ ಆಕರ್ಷಣೆ ನಿಮ್ಮ ಆಡಳಿತಕ್ಕೆ ಒಳಪಟ್ಟಿಲ್ಲ. ಆಮೇಲೆ ಸುರಂಗ. ಕತ್ತಲಲ್ಲಿ ಘಟಸರ್ಪ ಕಿರ್ರೆಂದು ಬಾಯಿ ತೆರೆಯಿತು. ಒಳಗೊಂದು ಕೆಂಪು ಬಲ್ಬು ಮಿಣುಕಿತು. ಎಡ ಹೊಳ್ಳೆಯಿಂದ ಚಿಟಿಕೆಯಷ್ಟು ಹೊಗೆ ಹೊರಗೆ ಬಂದು, ತಪ್ಪು ಮನೆಯ ಬಾಗಿಲು ತಟ್ಟಿದವರ ಹಾಗೆ ಸಂಕೋಚದಿಂದ ಹಿಂದಕ್ಕೆ ಹೋಯಿತು.

“ಆಯ್ತೇನೋ? ಇಷ್ಟೇನಾ?” ಅಂದಳು ಅಕ್ಕ.

“ಇಷ್ಟೇ ಅನ್ಸುತ್ತೆ ಕಣಕ್ಕಾ.”

“ನಿಮ್ಮ ಭಾವ ಊಟ ಆದ್ಮೇಲೆ ಆಕಳಿಸೋದು ಇದಕ್ಕಿಂತ ಭಯಂಕರವಾಗಿರುತ್ತೆ.”

ನಾನು ಅಚ್ಚುಮನೆಯೊಂದರಲ್ಲಿ ಕರಡು ತಿದ್ದುವವನು. ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಮುಗಿಸಿದವನು. ಪ್ರಾಸ ಅಲ್ಲಿಂದ ಅಂಟಿದ ಚಟ. ನಿಮ್ಮ ದೂರಿನ ಚೀಟಿಯಲ್ಲಿ ಬರೆಯಲು ಎರಡೇ ಗೆರೆ. ಎರಡು ಖಾಲಿ ಗೆರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬರೆದೆ:

ಫಲಕದ ತುಂಬ ಬೆಂಕಿಯ ಮಾತು, ಹೊಗೆಯ ಯಂತ್ರಕೆ ನೂರು ತೂತು;
ಯಾರೋ ಸಿಗರೇಟು ಸೇದುತ್ತಿದ್ದಾನೆ ಸುರಂಗದೊಳಗೆ ಕೂತು.

‘ಸೇದುತ್ತಾ ಕೂತ ಹಾಗಿದೆ’ ಎಂದು ಬರೆಯಬೇಕಿತ್ತು. ಬರೆದರೆ ಪ್ರಾಸ ಕೆಡುತ್ತಿತ್ತು. ‘ಹಾಗಿದೆ’ಯನ್ನು ಬಿಟ್ಟೆ.

ಹದಿನೈದು ದಿನಕ್ಕೆ ನಿಮ್ಮ ಕಚೇರಿಯ ಉತ್ತರ ಬಂತು. “ತಾವು ಕಣ್ಣಾರೆ ಕಂಡು ನೀಡಿದ ಲಿಖಿತ ಹೇಳಿಕೆಯನ್ನು ಆಧರಿಸಿ, ಕರ್ತವ್ಯದ ವೇಳೆ ಧೂಮಪಾನ ಮಾಡುತ್ತಿದ್ದ ಹೊಗೆಯಂತ್ರ ನಿರ್ವಾಹಕರನ್ನು ಅಮಾನತಿನಲ್ಲಿಡಲಾಗಿದೆ. ಇನ್ನು ಮುಂದೆ ಸುರಂಗದಲ್ಲಿ ಹೊಗೆ ಕಾಣಿಸುವುದಿಲ್ಲ ಎಂದು ಭರವಸೆ ನೀಡುತ್ತೇವೆ.” ನಿಮ್ಮ ಉದ್ಯಾನ ಉಳಿಸಿಕೊಂಡ ಮೊದಲ ಭರವಸೆ ಬಹುಶಃ ಇದೇ.

ಮರುವಾರ ಆ ನಿರ್ವಾಹಕರೇ ಅಚ್ಚುಮನೆಗೆ ಬಂದರು. ಅವರ ನೋಟಿಸಿಗೆ ನನ್ನ ಎರಡು ಸಾಲಿನ ನಕಲನ್ನು ವಿಳಾಸ ಸಮೇತ ಲಗತ್ತಿಸಿದ್ದಿರಿ.

“ಸಾರ್, ಈ ಹಾಡು ಬರ್ದೋರು ನೀವೇನಾ?”

“ಹೌದು. ಕೂತ್ಕೊಳ್ಳಿ.”

“ಜನ್ಮದಲ್ಲಿ ಸಿಗರೇಟು ಮುಟ್ಟಿಲ್ಲ ಸಾರ್ ನಾನು. ಈಗ ಹೆಂಡ್ತಿ ದಿನಾ ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸ್ತಾಳೆ. ‘ಆಫೀಸಿನ ಸೀಲ್ ಬಿದ್ದಿದೆ, ಸುಳ್ಳಿರುತ್ತಾ?’ ಅಂತಾಳೆ.”

“ಮತ್ತೆ ಆ ಹೊಗೆ?”

“ಅದು ನಮ್ಮನೆ ಟೀ ಕೆಟಲ್ ಸಾರ್.”

ಹೊಗೆಯಂತ್ರವನ್ನು ಕಾಯಿಸುವ ಕಾಯಿಲ್ ಸುಟ್ಟು ಎರಡು ವರ್ಷವಾಯಿತಂತೆ. ನಾಲ್ಕು ಬಾರಿ ಬರೆದುಕೊಟ್ಟರಂತೆ. ಬಂದ ಜನ ಸಪ್ಪೆ ಮುಖ ಹಾಕಿಕೊಂಡು ಹೋಗುವುದನ್ನು ನೋಡಲಾರದೆ ಮನೆಯಿಂದ ಕೆಟಲ್ ತಂದು, ಬಂಡಿಯ ಸದ್ದು ಕೇಳಿದೊಡನೆ ಒಂದು ಕೈಯಲ್ಲಿ ಮುಚ್ಚಳ ತೆಗೆದು, ಇನ್ನೊಂದರಲ್ಲಿ ರಟ್ಟು ಬೀಸಿ ಹಬೆಯನ್ನು ಹೊಳ್ಳೆಗೆ ನೂಕುತ್ತಿದ್ದರು. ದಿನಕ್ಕೆ ಮೂವತ್ತಾರು ಸಲ. “ಒಂದೇ ಹೊಳ್ಳೆಗೆ ಆಗೋದು ಸಾರ್,” ಎಂದು ಅವರು ನನ್ನ ಹತ್ತಿರ ಕ್ಷಮೆ ಕೇಳಿದರು. “ಕೈ ಎರಡೇ ಇರೋದು.”

ಈಗ ಹೇಳಿ. ಎರಡು ಸಾಲಿನ ಪ್ರಾಸವನ್ನು ಸಾಕ್ಷ್ಯವೆಂದು ಒಪ್ಪಿದ ನಿಮ್ಮ ಕಚೇರಿ, ಅವರ ನಾಲ್ಕು ಅರ್ಜಿಗಳನ್ನು ಯಾಕೆ ಓದಲಿಲ್ಲ? ಅವಕ್ಕೂ ಪ್ರಾಸ ಇರಬೇಕಿತ್ತೆ? ಯಂತ್ರ ಸರಿಪಡಿಸಲು ಯಾರಾದರೂ ಸುರಂಗಕ್ಕೆ ಇಳಿಯಬೇಕು, ಮನುಷ್ಯನನ್ನು ಮನೆಗೆ ಕಳಿಸಲು ಕುರ್ಚಿಯಿಂದ ಏಳಬೇಕಾಗಿಲ್ಲ ಎಂಬ ಕಾರಣಕ್ಕೋ? ಇಡೀ ಉದ್ಯಾನದಲ್ಲಿ ಆ ಪ್ರಾಣಿ ಉಸಿರಾಡಲಿ ಎಂದು ಬಯಸಿದವರು ಒಬ್ಬರೇ ಒಬ್ಬರು. ಹುಡುಕಿ ಹುಡುಕಿ ಅವರನ್ನೇ ಹಿಡಿದಿರಿ. ಹಿಡಿಯಲು ದಾರಿ ತೋರಿಸಿದವನು ನಾನು ಎಂಬುದನ್ನು ಮರೆತಿಲ್ಲ. ಅದಕ್ಕೇ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ವಿಚಾರಣೆ ಇದೆಯಂತೆ. ಅವರ ಕೆಲಸ ಉಳಿಯುತ್ತದೋ ಹೋಗುತ್ತದೋ ಅಂದೇ ತೀರ್ಮಾನ. ನನ್ನನ್ನು ಕರೆದಿಲ್ಲ, ಬರುತ್ತೇನೆ. ನನ್ನ ಹೇಳಿಕೆ ಈ ಸಲ ಗದ್ಯದಲ್ಲಿದೆ, ಕಡತಕ್ಕೆ ಸೇರಿಸಿಕೊಳ್ಳಿ: ಸುರಂಗದಲ್ಲಿ ನಾನು ಯಾರನ್ನೂ ನೋಡಿಲ್ಲ. ಸಿಗರೇಟನ್ನೂ ನೋಡಿಲ್ಲ. ಘಟಸರ್ಪದ ಹಿಂದೆ ಏನಿದೆಯೆಂದು ಕಾಣುವಷ್ಟು ಬೆಳಕನ್ನು ನಿಮ್ಮ ಬಲ್ಬು ಕೊಡುವುದಿಲ್ಲ.

ಅಮಾನತು ರದ್ದು ಮಾಡಿ. ಅವರು ಸಿಗರೇಟು ಸೇದುವವರಲ್ಲ ಎಂದು ಅವರ ಮನೆಯವರಿಗೆ ಒಂದು ಪತ್ರ ಬರೆದು, ಅದಕ್ಕೂ ಅದೇ ಸೀಲ್ ಒತ್ತಿ. ಹೊಸ ಕಾಯಿಲ್ ಹಾಕಿಸಿ. ಮೂರೂ ಒಟ್ಟಿಗೆ ಆಗದಿದ್ದರೆ ಕಾಯಿಲನ್ನು ಮುಂದಕ್ಕೆ ಹಾಕಿ. ಅದರಲ್ಲಿ ನಿಮಗೆ ಅಭ್ಯಾಸವಿದೆ.

ಇಂತಿ,
ನಿಮ್ಮ ಕಡತದ ಏಕೈಕ ಪ್ರತ್ಯಕ್ಷದರ್ಶಿ,
ಏನನ್ನೂ ನೋಡದವನು