ಹಂದಿಗೆ ಹಾಕಿದ ಹಸಿ ಸೋಯಾ

ಇನ್ನಂಜೆ,
14 ಸೆಪ್ಟೆಂಬರ್ 2024

ಪ್ರೀತಿಯ ಲಿಯೋನೆಲ್‌ರಿಗೆ,

ಪ್ರೀತಿಯ ಎಂದು ಬರೆದದ್ದು ಅಭ್ಯಾಸದಿಂದ, ಹೆಚ್ಚು ಖುಷಿಪಡಬೇಡಿ. ಫೋನಿನಲ್ಲಾದರೆ ನೀವು ನನ್ನನ್ನು ಬಾಯಿ ತೆರೆಯಲು ಬಿಡುವುದಿಲ್ಲ. ಕಾಗದದ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ.

ಇವತ್ತು ಪಶುವೈದ್ಯರು ಬಂದಿದ್ದರು. ಹಂದಿಗಳ ಆಹಾರವನ್ನು ಯಾರೂ ಕದ್ದಿಲ್ಲ, ತಿಂದದ್ದು ಅವಕ್ಕೆ ದಕ್ಕಲಿಲ್ಲ, ಅಷ್ಟೇ. ಹಸಿ ಸೋಯಾ ಕಾಳು ಹಂದಿಗೆ ಜೀರ್ಣವಾಗುವುದಿಲ್ಲವಂತೆ. ಅಂಗಡಿಯ ಸೋಯಾ ಹಿಂಡಿಯನ್ನು ಮಿಲ್ಲಿನಲ್ಲೇ ಬಿಸಿ ಮಾಡಿರುತ್ತಾರೆ, ಅದಕ್ಕೇ ಮೈಗೆ ಹತ್ತುತ್ತದೆ ಎಂದರು. ಮೀನಿನ ತಲೆ ಬಾಲ ಹಾಕಿದರೆ ಮಾಂಸ ಮೀನು ನಾರುತ್ತದೆ ಎಂದು ನಮ್ಮಲ್ಲಿ ಹಂದಿ ಕೊಂಡ ಮದುವೆ ಮನೆಯವರು ದೂರಿದ ಮೇಲೆ ಹಿಂಡಿ ಶುರುಮಾಡಿದೆವು, ಚೆನ್ನಾಗಿಯೇ ನಡೆದಿತ್ತು. ದುಬೈಯಲ್ಲಿ ಕುಳಿತ ನಿಮಗೆ ಆಗ ಬುದ್ಧಿ ಬಂತು ನೋಡಿ! ಎಣ್ಣೆ ತೆಗೆದ ಹಿಂಡಿ ಎಂತಕ್ಕೆ, ಎಣ್ಣೆ ಇರುವ ಕಾಳನ್ನೇ ಪುಡಿಮಾಡಿ ಹಾಕು, ಬೇಗ ಕೊಬ್ಬುತ್ತವೆ ಎಂದು ಯಾವುದೋ ವಿಡಿಯೋ ನೋಡಿ ಹುಕುಂ ಹೊರಡಿಸಿದಿರಿ.

ಹಂದಿಗೂಡಿನ ಕೆಲಸದ ಯಂಕಪ್ಪ ಅವತ್ತೇ, ಹಸೀ ಕಾಳು ಬ್ಯಾಡ್ರೀ ಅಮ್ಮಾರ, ಕುದಿಸಿ ಹಾಕೂಣು ಎಂದಿದ್ದ. ಅವನ ಬೈಲಹೊಂಗಲದ ಕಡೆ ಹೊಲ ತುಂಬ ಸೋಯಾ. ಅವನಿಗಿಂತ ನಿಮಗೆ ಹೆಚ್ಚು ಗೊತ್ತುಂಟಾ? ಹಂದಿಗಳು ಬಡಕಲಾದಾಗ, ಕಾಳು ಕದ್ದು ಮಾರುತ್ತಾನೆ ಎಂದು ನಾಲ್ಕು ವರ್ಷ ದುಡಿದವನನ್ನು ಓಡಿಸಿದಿರಿ. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕುವ ಜಾತಿ ನಿಮ್ಮದು. ಹೋಗುವಾಗ ಅವನ ಹೆಂಡತಿ ಯಂಕವ್ವ ನನ್ನ ಮುಖ ಸಹ ನೋಡಲಿಲ್ಲ. ಈಗ ಕಾಪುವಿನಲ್ಲಿ ಎಲ್ಲಿ ಕೆಲಸ ಕೇಳಿದರೂ, ಓ ಆ ಕಳ್ಳನಾ ಎನ್ನುತ್ತಾರಂತೆ. ನಾಚಿಕೆಯಾಗುವುದಿಲ್ಲವೇ ನಿಮಗೆ?

ಅವನಿಗೆ ನೀವೇ ಫೋನ್ ಮಾಡಿ ಕ್ಷಮೆ ಕೇಳಬೇಕು. ಕೇಳದೆ ಕ್ರಿಸ್ಮಸ್‌ಗೆ ಈ ಮನೆಯ ಮೆಟ್ಟಿಲು ಹತ್ತಬೇಡಿ.

ನಿಮ್ಮ ಮೇಲೆ ಕುದಿಯುತ್ತಿರುವ ಹೆಂಡತಿ,
ಅಪೊಲೋನಿಯಾ

ತಾ.ಕ.: ಅಂಚೆಗೆ ಹಾಕುವ ಮೊದಲು ಯಂಕಪ್ಪನ ಬಾಡಿಗೆ ಕೋಣೆಗೆ ಹೋಗಿ ಮೇಲಿನದ್ದೆಲ್ಲ ಓದಿ ಹೇಳಿದೆ. ಕೊಂಕಣಿ ಬಿಟ್ಟು ಕನ್ನಡದಲ್ಲಿ ಬರೆದದ್ದು ಅದಕ್ಕೇ. ಯಂಕವ್ವ ಅತ್ತಳು, ಚಹಾ ಮಾಡಿಕೊಟ್ಟಳು, ನಿಮ್ಮದೇನೂ ತಪ್ಪಿಲ್ರೀ ಅಮ್ಮಾರ ಎಂದು ನನ್ನ ಕೈ ಹಿಡಿದಳು. ಸೋಮವಾರದಿಂದ ಇಬ್ಬರೂ ಬರುತ್ತಾರೆ. ಅವನ ಮೇಲೆ ಮೊದಲು ಸಂಶಯಪಟ್ಟು ನಿಮ್ಮ ಕಿವಿಯಲ್ಲಿ ಊದಿದವಳು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಫೋನ್ ಮಾಡಿದಾಗ ನೀವೂ ಹೇಳಬೇಡಿ.