ನಲವತ್ತೆಂಟು ಅಂಕ ಪಡೆದ ಕೈಗಳು ನನ್ನವಲ್ಲ

ದೂರಶಿಕ್ಷಣದ ಪರೀಕ್ಷೆಗಳನ್ನು ಕೊಂಚ ಹತ್ತಿರದಿಂದ ನೋಡಬೇಕಾಗಿದ್ದ ಮಾನ್ಯ ಪರೀಕ್ಷಾಧಿಕಾರಿಗಳೇ,

ನನ್ನ ವರ್ಕ್‌ಶಾಪ್ ಪ್ರಾಯೋಗಿಕ ಪರೀಕ್ಷೆಗೆ ತಾವು ಐವತ್ತಕ್ಕೆ ನಲವತ್ತೆಂಟು ಅಂಕ ಕೊಟ್ಟಿದ್ದೀರಿ. ಆದರೆ ನಾನು ಕಳಿಸಿದ ವಿಡಿಯೊದಲ್ಲಿ ಲೇತ್ ಯಂತ್ರ ನಡೆಸಿದ ಕೈಗಳು ನನ್ನವಲ್ಲ. ಮುಂಗೈ ತುಂಬ ರೋಮ, ಎಡಗೈ ತೋರುಬೆರಳಿಗೆ ತುದಿಯೇ ಇಲ್ಲ. ಅಭ್ಯರ್ಥಿಯ ಹೆಸರು ಸವಿತಾ. ತಮ್ಮ ಪರೀಕ್ಷಕರಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲವೇ? ‘ಪಳಗಿದ ಕೈ’ ಎಂದು ಷರಾ ಬೇರೆ ಬರೆದಿದ್ದಾರೆ!

ಮೋಸ ಮಾಡಿದವಳು ನಾನು, ರೇಗುತ್ತಿರುವವಳೂ ನಾನೇ. ವಿಚಿತ್ರವೆನಿಸಿದರೂ ದಯವಿಟ್ಟು ಪೂರ್ತಿ ಓದಿ.

ನಾನು ಡಿಪ್ಲೊಮಾ ಓದಿದವಳು. ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಹನ್ನೊಂದು ವರ್ಷ ಬೇರೆಯವರು ಮಾಡಿದ ಪೀಸುಗಳನ್ನು ಅಳೆಯುತ್ತ ಬಂದೆ. ಸಂಜೆ ಕಾಲೇಜಿಗೆ ಸೇರೋಣವೆಂದರೆ, ಶಿಫ್ಟ್ ಮುಗಿಸಿ ಊರೊಳಗೆ ಮುಟ್ಟುವಷ್ಟರಲ್ಲಿ ಪಾಠವೇ ಮುಗಿದಿರುತ್ತಿತ್ತು. ‘ಕೆಲಸ ಬಿಡದೆ ಇಂಜಿನಿಯರ್ ಆಗಿ’ ಎಂಬ ತಮ್ಮ ಜಾಹೀರಾತು ಕಂಡಾಗ ದೇವರೇ ಕಣ್ಣು ಬಿಟ್ಟ ಎಂದುಕೊಂಡೆ. ಆ ಆಯ್ಕೆಗೆ ನಾನು ಇವತ್ತಿಗೂ ನಾಚುವುದಿಲ್ಲ. ಗಣಿತವನ್ನು ಬಸ್ಸಿನಲ್ಲಿ ನಿಂತು ಓದಿದ್ದೇನೆ, ಅನ್ನ ಸೀಯಿಸಿಕೊಂಡು ಓದಿದ್ದೇನೆ. ಆ ಅಂಕಗಳು ನನ್ನವೇ.

ಲೇತ್ ಮಾತ್ರ ನನಗೆ ಒಲಿಯಲಿಲ್ಲ. ತಮ್ಮ ಆನ್‌ಲೈನ್ ಪ್ರಯೋಗಾಲಯದಲ್ಲಿ ಟೂಲ್ ಮುರಿದರೆ ಪರದೆಯ ಮೇಲೆ ‘ಮತ್ತೆ ಪ್ರಯತ್ನಿಸಿ’ ಎಂದು ಬರುತ್ತದೆ. ನಮ್ಮ ಶಾಪಿನಲ್ಲಿ ಟೂಲ್ ಮುರಿದರೆ ಮಾಲೀಕರು ಬರುತ್ತಾರೆ. ನಾನು ಎರಡು ಮುರಿದೆ. ವಿಡಿಯೊ ಕಳಿಸಲು ಉಳಿದಿದ್ದು ಒಂದೇ ದಿನ.

ಬಾಗಲಕೋಟೆ ಕಡೆಯ ಭೀಮಪ್ಪನವರು ನಮ್ಮಲ್ಲಿ ಇಪ್ಪತ್ತೆರಡು ವರ್ಷದಿಂದ ಲೇತ್ ನಡೆಸುತ್ತಿದ್ದಾರೆ. “ಅಣ್ಣಾ, ಹೊಸಬರಿಗೆ ಕಲಿಸೋಕೆ ಒಂದು ವಿಡಿಯೊ ಬೇಕಿತ್ತು, ಬೋಲ್ಟಿಗೆ ಥ್ರೆಡ್ ಹಾಕೋದು ತೋರಿಸ್ತೀರಾ?” ಎಂದು ಸುಳ್ಳು ಹೇಳಿದೆ.

“ಅದಕ್ಕೇನ್ ತಂಗಿ, ಬೆಳಕ ನೋಡಿ ಹಿಡಿ. ಕಲಿಯಾವ್ರಿಗೆ ಚೊಲೊ ಕಾಣಬೇಕು,” ಎಂದರು ಪುಣ್ಯಾತ್ಮ. ಕೈ ಮಾತ್ರ ಕಾಣುವಂತೆ ಫೋನ್ ಹಿಡಿದೆ.

ಪದವಿ ಬಂತು. ಮೂರು ವರ್ಷದಿಂದ ಭೀಮಪ್ಪನವರು ಕಾದಿದ್ದ ಶಾಪ್ ಇಂಜಿನಿಯರ್ ಹುದ್ದೆ ನನಗೆ ಬಂತು. “ಡಿಗ್ರಿ ಇರೋರೇ ಬೇಕು ಅಂತಾರೆ ಕಸ್ಟಮರ್ರು, ನಾನೇನ್ ಮಾಡ್ಲಿ ಕಣ್ರೀ?” ಎಂದರು ಮಾಲೀಕರು. ನಮ್ಮಲ್ಲಿ ಯಾವ ಕೆಲಸವಾದರೂ ಮೊದಲ ಪೀಸನ್ನು ಇಂಜಿನಿಯರ್ ನೋಡಿ ಸಹಿ ಹಾಕುವವರೆಗೆ ಎರಡನೆಯದು ಶುರುವಾಗುವಂತಿಲ್ಲ. ಹಾಗಾಗಿ ಭೀಮಪ್ಪನವರು ದಿನಾ ತಾವು ಮಾಡಿದ ಪೀಸು ಹಿಡಿದು ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. ತಂಗಿ ಹೋಗಿ ಮೇಡಂ ಆಗಿದ್ದೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಮೇಡಂ ಎಂದಾಗಲೆಲ್ಲ ನನ್ನ ಸ್ಥಿತಿ ಅದೇ.

ಕಳೆದ ಶನಿವಾರ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಆಮೇಲೆ ನಕ್ಕರು. “ಹಂಗಾದ್ರ ಎಂಟನೇತ್ತಾ ಶಾಲಿ ಓದಿದಾಂವ ಇಂಜಿನಿಯರಿಂಗ್ ಪಾಸಾಗೀನಿ ಅನ್ನು ತಂಗಿ!” ನಾನು ಅತ್ತೆ. ಅವರು ಪೀಸನ್ನು ನನ್ನತ್ತ ಸರಿಸಿದರು. “ಸಹಿ ಹಾಕ್ರಿ ಮೇಡಂ, ಮಷಿನ್ ನಿಂತೈತಿ.”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸಹಿ ಹಾಕಿದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಮಾನ್ಯರೇ, ನನ್ನ ತಪ್ಪಿಗೆ ತಮ್ಮನ್ನು ಹೊಣೆ ಮಾಡುತ್ತಿಲ್ಲ. ಆದರೆ ಆ ವಿಡಿಯೊವನ್ನು ಯಾರಾದರೂ ಒಮ್ಮೆ ಕಣ್ಣು ತೆರೆದು ನೋಡಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ, ಆ ಹುದ್ದೆ ಇನ್ನೂ ಖಾಲಿ ಇರುತ್ತಿತ್ತು. ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಒಂದು ಚೀಟಿಯೂ ಇಲ್ಲ. ಕದ್ದ ಎಂಟು ನಿಮಿಷದ ವಿಡಿಯೊಗೆ ಪದವಿ! ಇದಕ್ಕೆ ತಮ್ಮ ನಿಯಮಾವಳಿಯಲ್ಲಿ ಏನೆಂದು ಹೆಸರು?

ಆ ನಲವತ್ತೆಂಟು ಅಂಕ ರದ್ದು ಮಾಡಿ. ಈ ಪತ್ರದ ಪ್ರತಿಯನ್ನು ಮಾಲೀಕರಿಗೂ ಕೊಟ್ಟಿದ್ದೇನೆ. ಕೆಲಸ ಉಳಿದರೆ ಉಳಿಯಲಿ, ಹೋದರೆ ಹೋಗಲಿ. ನನ್ನನ್ನು ಒಂದು ನಿಜವಾದ ಲೇತ್ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡಿ. ಪಕ್ಕದ ಯಂತ್ರದಲ್ಲಿ ಭೀಮಪ್ಪನವರನ್ನೂ ನಿಲ್ಲಿಸಿ, ಅವರು ಗಳಿಸಿದ್ದನ್ನು ಅವರ ಹೆಸರಿಗೇ ಬರೆದುಕೊಡಿ. ಈ ಸಲ ದಯವಿಟ್ಟು ಕೈಗಳನ್ನು ನೋಡಿ. ಗುರುತು ಸುಲಭ: ಹತ್ತೂ ಬೆರಳು ನೆಟ್ಟಗಿರುವವಳು ನಾನು.

ಇಂತಿ,
ನಾಳೆ ಬೆಳಿಗ್ಗೆಯೂ ಭೀಮಪ್ಪನವರ ಪೀಸಿಗೆ ಸಹಿ ಹಾಕಬೇಕಾಗಿರುವ,
ಸವಿತಾ
ಮಾಕಳಿ