ಹಿಂಗೈಯಲ್ಲಿ ಮುಟ್ಟಿದ ತಂತಿ

ದೇವರಾಜ ಅರಸು ಬಡಾವಣೆ,
ದಾವಣಗೆರೆ.
18 ನವೆಂಬರ್ 2025, ಮಂಗಳವಾರ

ನನ್ನ ಚೈತೂ,

ಅವ್ವನ ಮುತ್ತು ಮೊದಲು ತಗೋ, ಆಮೇಲೆ ಓದು.

ಭಾನುವಾರ ನಿನ್ನ ಫೋನು ಬಂದಾಗ ನಾನೊಂದು ಸುಳ್ಳು ಹೇಳಿದೆ. ಗುಂಡು ಹಾರಿಸುವ ಅಭ್ಯಾಸದಲ್ಲಿ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಬಂದೂಕು ಹೆಗಲಿಗೆ ತಾಗಿದರೆ ಸಾಕು ಬೆರಳು ನಡುಗುತ್ತದೆ, ಉಳಿದ ಹುಡುಗಿಯರು ನಗುತ್ತಾರೆ, ಪೊಲೀಸ್ ತರಬೇತಿ ಬಿಟ್ಟು ಬಂದುಬಿಡಲೇ ಎಂದು ನೀನು ಕೇಳಿದೆ. ನಾನು ದೊಡ್ಡ ಧೈರ್ಯಸ್ಥೆಯ ಹಾಗೆ, "ಹೆದರಬಾರ್ದವ್ವ. ನನ್ನ ನೋಡು, ನಾ ಯಾವ್ದಕ್ಕಾರ ಹೆದರೀನೇನು?" ಅಂದೆ. ಅಷ್ಟರಲ್ಲಿ ನಿನ್ನ ಸರದಿ ಮುಗಿದು ಫೋನು ವಾಪಸು ಕೊಡಬೇಕಾಯಿತು. ಆ ಮಾತು ಎರಡು ದಿನದಿಂದ ನನ್ನನ್ನು ಚುಚ್ಚುತ್ತಿದೆ. ಯಾಕೆಂದರೆ ಅದರ ಹಿಂದಿನ ದಿನವೇ ನಾನು ಹರಿಹರದಲ್ಲಿ ಸಾವಿರಾರು ಜನರೆದುರು ನಿಂತು, ಮೆಟ್ಟಿಲಿಳಿದು ಓಡಿಹೋಗಬೇಕೆನಿಸುವಷ್ಟು ಹೆದರಿದ್ದೆ.

ನಿನ್ನ ಅವ್ವ ಒಂದು ಕಾಲದಲ್ಲಿ 'ಗಿರಣಿ' ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದಳು ಎಂಬುದು ನಿನಗೆ ಗೊತ್ತು. ಗಿರಣಿ ಕೆಲಸಗಾರರ ಮಗ ಅಂಜನಕುಮಾರ ಹಾಡುಗಾರ, ನಿನ್ನ ಸೋದರಮಾವ ತಂದಿಟ್ಟ ಗಿಟಾರನ್ನು ಕದ್ದು ಕಲಿತ ನಾನು ಅವನ ಪಕ್ಕ. ಹತ್ತಿ ಗಿರಣಿಗಳು ಮುಚ್ಚಿದ ಊರಿನಲ್ಲಿ ಗಿರಣಿಯಷ್ಟೇ ಸದ್ದು ಮಾಡೋಣ ಎಂದು ಆ ಹೆಸರು ಇಟ್ಟಿದ್ದೆವು. ಮದುವೆಯಾದ ಮೇಲೆ ಬಿಟ್ಟೆ ಎಂದು ನಿನಗೆ ಹೇಳುತ್ತಾ ಬಂದಿದ್ದೇನೆ. ಮದುವೆಯಾದ ಮೇಲೂ ನುಡಿಸಿದೆ. ನಿಮ್ಮಪ್ಪನೇ ಬೈಕಿನ ಮುಂದೆ ಗಿಟಾರ್ ಇಟ್ಟುಕೊಂಡು, ಹಿಂದೆ ನನ್ನನ್ನು ಕೂರಿಸಿಕೊಂಡು ಬಿಡಲು ಬರುತ್ತಿದ್ದರು.

2003ರ ಗಣೇಶನ ಹಬ್ಬ. ಹರಿಹರದಲ್ಲಿ ಕಾರ್ಯಕ್ರಮ. ಮಧ್ಯಾಹ್ನದಿಂದ ಜಿಟಿಜಿಟಿ ಮಳೆ, ಶಾಮಿಯಾನ ಸೋರುತ್ತಿತ್ತು, ಹಲಗೆಯ ಮೇಲೆ ಹಾಸಿದ ಜಮಖಾನ ಒದ್ದೆ. ಜನರೇಟರಿನ ವೈರಿಂಗ್ ಮಾಡಿದವರು ಅರ್ಥಿಂಗ್ ಕೊಟ್ಟಿರಲಿಲ್ಲ. ಎರಡನೆಯ ಹಾಡಿನ ಪಲ್ಲವಿಗೆ ದನಿ ಸೇರಿಸಲು ನಾನು ಮೈಕಿನ ಹತ್ತಿರ ಬಾಗಿದೆ. ಎಡಗೈ ತಂತಿಯ ಮೇಲೆ, ತುಟಿ ಮೈಕಿಗೆ ತಾಗಿತು. ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಯಾರೋ ಹಲ್ಲಿನೊಳಗಿಂದ ನನ್ನನ್ನು ಹಿಡಿದು ಎಳೆದಂತಾಯಿತು. ಕೂಗಬೇಕು, ದನಿ ಬರುತ್ತಿಲ್ಲ. ಗಿಟಾರ್ ಬಿಸಾಡಬೇಕು, ಬೆರಳು ಬಿಚ್ಚುತ್ತಿಲ್ಲ. ನಾನು ಕುಣಿಯುತ್ತಿದ್ದೇನೆ ಎಂದುಕೊಂಡು ಜನ ಸೀಟಿ ಹೊಡೆದರಂತೆ. ಅಂಜನಕುಮಾರನಿಗೆ ಮಾತ್ರ ನನ್ನ ಕಣ್ಣು ಕಂಡಿತು. ವೈರನ್ನು ಕಾಲಿನಿಂದ ಒದ್ದು ಕಿತ್ತ. ನಾನು ಬೆನ್ನ ಮೇಲೆ ಬಿದ್ದೆ.

ಬೆರಳಿನ ಸುಟ್ಟ ಗಾಯ ಬೇಗ ಮಾಯಿತು. ಹೆದರಿಕೆ ಮಾಯಲಿಲ್ಲ. ಮಿಕ್ಸಿ ಹಾಕುವಾಗ ರಬ್ಬರ್ ಚಪ್ಪಲಿ ಮೆಟ್ಟುತ್ತೇನೆಂದು, ಸ್ವಿಚ್ಚನ್ನು ಲಟ್ಟಣಿಗೆಯಿಂದ ಒತ್ತುತ್ತೇನೆಂದು ನೀನು ಎಷ್ಟು ನಕ್ಕಿದ್ದೀಯ! ನಾನೂ ನಿನ್ನ ಜೊತೆ ನಗುತ್ತಿದ್ದೆ. ಗಿಟಾರನ್ನು ತವರಿಗೆ ಕಳಿಸಿಬಿಟ್ಟೆ.

ಈ ದಸರೆಯ ಮಾರನೆಯ ದಿನ ಅಂಜನಕುಮಾರ ಮನೆಗೆ ಬಂದ. ತಲೆ ಪೂರ್ತಿ ಬೆಳ್ಳಗಾಗಿದೆ. ಬ್ಯಾಂಡಿಗೆ ಇಪ್ಪತ್ತೈದು ತುಂಬಿದ್ದಕ್ಕೆ ಹರಿಹರದಲ್ಲಿ ದೊಡ್ಡ ಕಾರ್ಯಕ್ರಮವಂತೆ, ಹಳೆಯ ಮೂರು ಹಾಡಿಗೆ ನಾನು ಬರಬೇಕಂತೆ. ನಾನು ಆಗುವುದಿಲ್ಲ ಎಂದೆ. ಅವನು ಚಹಾದ ಲೋಟ ಕೆಳಗಿಟ್ಟು, "ನೀ ಇಲ್ದಿದ್ರೆ ಆಗಲ್ಲ ಅಂತ ಸುಳ್ಳು ಹೇಳಲ್ಲ ಶೋಭಾ. ನೀ ಇಲ್ದೇನೇ ಇಷ್ಟು ವರ್ಷ ನಡೆದೈತೆ. ಆದ್ರೆ ಆ ಮೂರು ಹಾಡು ನಿನ್ನವು. ಬ್ಯಾರೆಯವ್ರು ನುಡಿಸ್ದಾಗೆಲ್ಲ ಸಾಲದ ಅಂಗಿ ಹಾಕ್ಕೊಂಡಂಗೆ ಆಗ್ತೈತೆ" ಅಂದ. ನಿಮ್ಮಪ್ಪನ ಕಡೆ ತಿರುಗಿ, "ರೇವಣ್ಣಾರೆ, ನೀವಾರ ಹೇಳ್ರಿ" ಅಂದ. ನಿಮ್ಮಪ್ಪ ಮಂಡಕ್ಕಿ ಮೆಲ್ಲುತ್ತಾ, "ಹೋಗು, ಏನಾಗ್ತೈತೆ?" ಅಂದುಬಿಟ್ಟರು. ಅಷ್ಟು ಹಗುರಾಗಿ ಹೇಗೆ ಅನ್ನುತ್ತಾರೆ ಎಂದು ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಹೂಂ ಅಂದೆ.

ಅಭ್ಯಾಸ ಗುತ್ತೂರಿನ ಒಂದು ಗೋದಾಮಿನಲ್ಲಿ. ಮೊದಲ ದಿನ ತವರಿನಿಂದ ತರಿಸಿದ ಗಿಟಾರನ್ನು ಕುರ್ಚಿಯ ಮೇಲೆ ಒರಗಿಸಿಟ್ಟು, ಬಿಸಿ ಹೆಂಚನ್ನು ನೋಡುವ ಹಾಗೆ ನೋಡುತ್ತಾ ನಿಂತೆ. ಕೊನೆಗೆ ತಂತಿಗೆ ಅಂಗೈಯಲ್ಲ, ಹಿಂಗೈ ತಾಗಿಸಿದೆ. ಶಾಕ್ ಹೊಡೆದರೆ ಕೈ ಅಂಟಿಕೊಳ್ಳದೆ ಹಿಂದಕ್ಕೆ ಬರಲಿ ಎಂದು. ಏನೂ ಆಗಲಿಲ್ಲ. ಕೂತು ನುಡಿಸಿದೆ. ಮೆತ್ತಗಾಗಿದ್ದ ಬೆರಳ ತುದಿ ಉರಿಯಿತು, ಆದರೆ ಬೆರಳುಗಳಿಗೆ ದಾರಿ ನೆನಪಿತ್ತು. ನನಗೇ ಆಶ್ಚರ್ಯ. ಮೂರನೆಯ ಹಾಡಿಗೆ ಬರುವಾಗ ಹೊರಗೆ ಎಲ್ಲೋ ಕರೆಂಟು ಹೋಗಿ ಬಂತು, ದೀಪ ಒಮ್ಮೆ ಮಿಟುಕಿತು. ಅಷ್ಟೇ. ನಾನು ಗಿಟಾರನ್ನು ನೆಲಕ್ಕೆ ಎಸೆದು, ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆಗೆ ಓಡಿದೆ. ಬರಿಗಾಲಲ್ಲೇ ದಾವಣಗೆರೆ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು, "ಯಾಕ್ರಿ ಅಕ್ಕಾರೆ, ಯಾರರ ತೀರ್ಕೊಂಡ್ರೇನು?" ಎಂದು ಕೇಳಿದಳು.

ಮರುದಿನ ಅಂಜನಕುಮಾರ ನನ್ನ ಚಪ್ಪಲಿ ತಂದುಕೊಟ್ಟ. ಬೈಯುತ್ತಾನೆ ಅಂದುಕೊಂಡೆ. ಈಗ ಕರೆಂಟು ಸೋರಿದರೆ ತಾನಾಗಿ ಕಟ್ಟಾಗುವ ಪೆಟ್ಟಿಗೆ ಬಂದಿದೆ, ಹೆದರಬೇಡ ಎಂದು ಮತ್ತೆ ಪಾಠ ಹೇಳುತ್ತಾನೆ ಅಂದುಕೊಂಡೆ. ಅವನು ಜೇಬಿನಿಂದ ಮೈಕಿಗೆ ತೊಡಿಸುವ ದಪ್ಪ ಸ್ಪಂಜಿನ ಟೊಪ್ಪಿಗೆ ತೆಗೆದು ನನ್ನ ಕೈಗಿಟ್ಟ. "ಆವತ್ತಿಂದ ಇದಿಲ್ದೆ ನಾ ಹಾಡಿಲ್ಲ. ಮೈಕಿಗೆ ತುಟಿ ತಾಗ್ಸಿಲ್ಲ. ಬ್ಯಾಂಡಿನ ಹುಡುಗ್ರಿಗೆ ನನ್ನ ಗಂಟಲು ಸೂಕ್ಷ್ಮ ಅಂತ ಹೇಳ್ತೀನಿ. ಪ್ರತಿ ಸಲ ಮೆಟ್ಟಿಲು ಹತ್ತೋವಾಗ ನಿನ್ನ ಕಣ್ಣು ಕಾಣ್ತಾವೆ" ಅಂದ. ಇಷ್ಟು ವರ್ಷ ನಾನೊಬ್ಬಳೇ ಹೆದರಿ ಮನೆಯೊಳಗೆ ಕೂತಿದ್ದೇನೆ, ಅವನು ಏನೂ ಆಗದವನಂತೆ ಹಾಡಿಕೊಂಡಿದ್ದಾನೆ ಎಂದು ಒಳಗೊಳಗೇ ಮುನಿಸಿತ್ತು. ಅವನೂ ಹೆದರಿಕೊಂಡೇ ಹಾಡಿದ್ದ. "ನಾಳೆ ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದೆ.

ಶನಿವಾರ ಬಂತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ, ಆದರೂ ನಾನು ಹತ್ತು ಸಲ ಮೇಲೆ ನೋಡಿದೆ. ಹೆಸರು ಕೂಗಿದಾಗ ಮೆಟ್ಟಿಲು ಹತ್ತಿದೆ. ಡ್ರಮ್ಮಿನವನು ತಾಳ ಕೊಟ್ಟ. ನಾನು ಶುರು ಮಾಡಬೇಕಾದ ಜಾಗ ಬಂತು, ಹೋಯಿತು. ಅಂಜನಕುಮಾರ ಏನೂ ಆಗಿಲ್ಲವೆಂಬಂತೆ ಮತ್ತೆ ತಾಳ ಕೊಡಲು ಸನ್ನೆ ಮಾಡಿದ. ಆಗಲೂ ನನ್ನ ಕೈ ತಂತಿಗೆ ಹೋಗಲಿಲ್ಲ ಚೈತೂ, ಹೊಟ್ಟೆಗೆ ಹೋಯಿತು.

ನೀನು ಈಗಾಗಲೇ ಲೆಕ್ಕ ಹಾಕಿರುತ್ತೀಯ. 2003ರ ಗಣೇಶನ ಹಬ್ಬ. ನೀನು ಹುಟ್ಟಿದ್ದು ಮುಂದಿನ ಸಂಕ್ರಾಂತಿಗೆ. ಆ ದಿನ ಆ ವೇದಿಕೆಯ ಮೇಲೆ ನನ್ನ ಜೊತೆ ನೀನೂ ಇದ್ದೆ. ಬಿದ್ದ ಮೇಲೆ ನೀನು ಅಲುಗಾಡಲಿಲ್ಲ. ಡಾಕ್ಟರು ಕಾದು ನೋಡೋಣ ಎಂದರು. ನಿಮ್ಮಪ್ಪ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ರಾತ್ರಿಯಿಡೀ ಕೂತಿದ್ದರು. ಮರುದಿನ ಊಟದ ಹೊತ್ತಿಗೆ, ನಾನು ಒಂದು ತುತ್ತು ಬಾಯಿಗಿಟ್ಟಾಗ, ನೀನು ಒದ್ದೆ. ನಾನು ಅತ್ತ ಸದ್ದಿಗೆ ನರ್ಸು ಓಡಿ ಬಂದಳು. ಅಂದಿನಿಂದ ನನಗೆ ಕರೆಂಟಿನ ಹೆದರಿಕೆಯಲ್ಲ, ಆ ಅಲುಗಾಡದ ಹೊತ್ತಿನ ಹೆದರಿಕೆ.

ಶನಿವಾರ ವೇದಿಕೆಯ ಮೇಲೆ ಹೊಟ್ಟೆ ಮುಟ್ಟಿಕೊಂಡೆ. ನೀನು ಅಲ್ಲಿರಲಿಲ್ಲ. ಎಲ್ಲೋ ದೂರದಲ್ಲಿ ಬೂಟು ಹಾಕಿಕೊಂಡು, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರುತ್ತೀಯ ಅನ್ನಿಸಿತು. ಮೂರನೆಯ ಸಲ ತಾಳ ಬಂದಾಗ ಹಿಂಗೈಯನ್ನು ತಂತಿಗೆ ತಾಗಿಸಿದೆ, ಆಮೇಲೆ ಬೆರಳು ಇಟ್ಟೆ. ಮೂರೂ ಹಾಡು ನುಡಿಸಿದೆ. ಎರಡು ಕಡೆ ತಪ್ಪಿದೆ. ಮೈಕಿನ ಹತ್ತಿರ ಮಾತ್ರ ಹೋಗಲಿಲ್ಲ, ಪಲ್ಲವಿಯನ್ನು ಅವನೊಬ್ಬನೇ ಹಾಡಿದ. ಅಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ. ಬರುತ್ತದೆಂದು ಹೇಳಿ ನಿನಗೆ ಮತ್ತೊಂದು ಸುಳ್ಳು ಹೇಳಲಾರೆ.

ಆದ್ದರಿಂದ ಭಾನುವಾರ ಆಡಿದ ಮಾತು ಮರೆತುಬಿಡು. ಬರುವುದಾದರೆ ಬಾ, ಯಾರೂ ಒಂದು ಮಾತು ಕೇಳುವುದಿಲ್ಲ. ಇರುವುದಾದರೆ ಹೆದರಿಕೊಂಡೇ ಇರು. ನಗುವ ಹುಡುಗಿಯರಲ್ಲಿ ಒಬ್ಬಳನ್ನು ಪಕ್ಕಕ್ಕೆ ಕರೆದು, ನಿನಗೂ ಹೆದರಿಕೆಯಾಗುತ್ತದಾ ಎಂದು ಕೇಳಿ ನೋಡು.

ನಿನ್ನನ್ನೇ ನೆನೆಯುತ್ತಾ,
ಹೆದರುಪುಕ್ಕಲಿ ಅವ್ವ,
ಶೋಭಾರಾಣಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಂಜನಕುಮಾರ ಫೋನು ಮಾಡಿದ. ಶನಿವಾರ ನಾನು ಮೇಲೆ ಹತ್ತಿದಾಗಿನಿಂದ ಇಳಿಯುವ ತನಕ ನಿಮ್ಮಪ್ಪ ವೇದಿಕೆಯ ಪಕ್ಕದಲ್ಲಿ, ತಮ್ಮ ಫ್ಯಾಕ್ಟರಿಯ ರಬ್ಬರ್ ಗ್ಲೌಸ್ ಹಾಕಿಕೊಂಡು, ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದರಂತೆ. ಸೌಂಡಿನವರು ದೂರ ಸರಿಯಲು ಹೇಳಿದರೆ, "ಮ್ಯಾಲೆ ನಿಂತಿರೋದು ನನ್ನ ಹೆಂಡ್ತಿ ರೀ" ಎಂದು ಅಲ್ಲಾಡಲೇ ಇಲ್ಲವಂತೆ. ಈಗ ಊಟಕ್ಕೆ ಕೂತಾಗ, ಯಾವ ಹಾಡು ಚೆನ್ನಾಗಿತ್ತು ಎಂದು ಕೇಳಿದೆ. ತಟ್ಟೆಯಿಂದ ತಲೆ ಎತ್ತದೆ, "ಹಾಡು ಎಲ್ಲಿ ಕೇಳ್ಸಿತು? ನಾ ನಿನ್ನ ಕೈ ನೋಡ್ತಿದ್ದೆ" ಅಂದರು.